ಹಾಜರಿ ಬಿಲ್ಲೆಯಿಂದ ಕಚೇರಿ ಮೊಬೈಲಿನವರೆಗೆ

ಬೆಳಿಗ್ಗೆ ಒಂಬತ್ತರ ಹೊತ್ತು. ಮೆಜೆಸ್ಟಿಕ್‌ನಿಂದ ಬನ್ನೇರುಘಟ್ಟಕ್ಕೆ ಹೊರಟ 365ನೇ ನಂಬರಿನ ಬಸ್ಸು ಡೇರಿ ಸರ್ಕಲ್ ದಾಟಿ ಜಯದೇವ ಆಸ್ಪತ್ರೆಯ ಕಡೆಗೆ ತೆವಳುತ್ತಿದೆ. ಕಂಡಕ್ಟರ್ ಕೈಯಲ್ಲಿ ಪುಟ್ಟ ಟಿಕೆಟ್ ಯಂತ್ರ. ಕಿಟಕಿಯ ಪಕ್ಕ ಕುಳಿತ ಯುವಕನ ಕೈಯಲ್ಲಿ ಎರಡು ಮೊಬೈಲು. ಒಂದು ಅವನದು, ಇನ್ನೊಂದು ಕಂಪೆನಿ ಕೊಟ್ಟದ್ದು. ಸೂಕ್ಷ್ಮವಾಗಿ ನೋಡಿದರೆ ಕಂಡಕ್ಟರೂ ಯುವಕನೂ ಒಂದೇ ಜಾತಿಯ ವಸ್ತುವನ್ನು ಹಿಡಿದಿದ್ದಾರೆ. ಎರಡೂ ಸಂಸ್ಥೆಯ ಸ್ವತ್ತು. ಎರಡಕ್ಕೂ ಒಂದು ಕ್ರಮಸಂಖ್ಯೆಯುಂಟು. ಅದು ಇಂಥವರ ಕೈಯಲ್ಲಿದೆ ಎಂಬುದು ಎಲ್ಲೋ ಒಂದು ಪುಸ್ತಕದಲ್ಲಿ ದಾಖಲಾಗಿದೆ.

ಆದರೆ ಒಂದು ವ್ಯತ್ಯಾಸವಿದೆ. ಕಂಡಕ್ಟರ್ ಪಾಳಿ ಮುಗಿದ ಮೇಲೆ ಡಿಪೋಗೆ ಹೋಗಿ ಹಣ ಕಟ್ಟಿ, ಯಂತ್ರವನ್ನು ಒಪ್ಪಿಸಿ, ಕೈ ಕೊಡವಿಕೊಂಡು ಮನೆಗೆ ಹೋಗುತ್ತಾರೆ. ಯುವಕನ ಯಂತ್ರ ಅವನ ಜೊತೆಯಲ್ಲೇ ಮನೆಗೆ ಹೋಗುತ್ತದೆ, ದಿಂಬಿನ ಪಕ್ಕ ಮಲಗುತ್ತದೆ, ಭಾನುವಾರ ದೇವಸ್ಥಾನಕ್ಕೂ ಬರುತ್ತದೆ.

ನೌಕರರ ಕೈಯಲ್ಲಿರುವ ಮೊಬೈಲುಗಳನ್ನು ಕಂಪೆನಿಯ ಲೆಕ್ಕಕ್ಕೆ ಸೇರಿಸಿ, ದೂರದಿಂದಲೇ ಹತೋಟಿಯಲ್ಲಿಡುವ ವ್ಯವಸ್ಥೆಗೆ ಮೊಬೈಲ್ ಡಿವೈಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ‘ಎಂಡಿಎಂ’ ಎಂದು ಹೆಸರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ‘ಎನ್‌ರೋಲ್ ಮಾಡಿಕೊಳ್ಳಿ’ ಎಂಬ ಸೂಚನೆ ಬರುತ್ತದೆ. ಹೆಚ್ಚಿನವರು ಓದದೆಯೇ ಒಪ್ಪಿಗೆ ಒತ್ತುತ್ತಾರೆ. ಇದು ಗಣಕಯಂತ್ರದವರ ವಿಷಯ, ನಮಗೇಕೆ ಎನ್ನುವಂತಿಲ್ಲ. ದುಡಿಯುವವರನ್ನೂ ಅವರ ಕೈಯ ಸಲಕರಣೆಯನ್ನೂ ನೋಂದಾಯಿಸಿಕೊಳ್ಳುವ ಪದ್ಧತಿಗೆ ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಅದರ ಒಂದು ತುದಿ ಕೋಲಾರದ ಚಿನ್ನದ ಗಣಿಯಲ್ಲಿದ್ದರೆ ಇನ್ನೊಂದು ತುದಿ ಇದೇ ಬನ್ನೇರುಘಟ್ಟ ರಸ್ತೆಯಲ್ಲಿದೆ.

ನಂಬರು ಹೊತ್ತ ಬೀಗದ ಕೈ

‘ಹಾಜರಿ’ ಎಂಬ ಪದ ಅರಬ್ಬಿಯಿಂದ ಬಂದು ಕನ್ನಡದ್ದೇ ಆಗಿಹೋಗಿದೆ. ಲೋಕೋಪಯೋಗಿ ಇಲಾಖೆಯ ದಿನಗೂಲಿಗಳ ಬಾಯಲ್ಲಿ ನಲಿದಾಡುವ ‘ಮಸ್ಟರ್ ರೋಲ್’ ಮೂಲತಃ ಸೈನ್ಯದ ಪದ. ಯುದ್ಧಕ್ಕೆ ಹೊರಡುವ ಮುನ್ನ ಸಿಪಾಯಿಗಳ ತಲೆ ಎಣಿಸಿ ಬರೆದಿಡುತ್ತಿದ್ದ ಪಟ್ಟಿ ಅದು. ಎಣಿಕೆಗೆ ಸಿಕ್ಕವನಿಗೆ ಸಂಬಳ, ಸಿಗದವನಿಗೆ ಇಲ್ಲ. ಕಾರ್ಖಾನೆಗಳು ಬಂದಾಗ ಅದೇ ಪಟ್ಟಿ ಗೇಟಿನ ಬಳಿಗೆ ಬಂದು ನಿಂತಿತು.

ಬೆಂಗಳೂರಿನಲ್ಲಿ ದೊಡ್ಡ ಕಾರ್ಖಾನೆಯ ಯುಗ ಆರಂಭವಾದದ್ದು ಬಟ್ಟೆ ಗಿರಣಿಗಳಿಂದ. ಮುಂದೆ ಬಿನ್ನಿ ಮಿಲ್ ಎಂದೇ ಹೆಸರಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ 1884ರಲ್ಲಿ ಸ್ಥಾಪನೆಯಾಯಿತು. ಆ ಕಾಲದ ಗಿರಣಿ, ಕಾರ್ಖಾನೆಗಳಲ್ಲಿ ಕೆಲಸಗಾರನ ಗುರುತೆಂದರೆ ನಂಬರು ಕೊರೆದ ಲೋಹದ ಬಿಲ್ಲೆ. ಒಳಗೆ ಹೋಗುವಾಗ ತನ್ನ ಬಿಲ್ಲೆಯನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಹಾಕಬೇಕು. ಸೈರನ್ ಕೂಗಿದ ಮೇಲೆ ಹಲಗೆಯ ಮೇಲೆ ಉಳಿದ ಬಿಲ್ಲೆಗಳೇ ಗೈರುಹಾಜರಿಯ ಸಾಕ್ಷಿ.

ಇದೇ ಹೊತ್ತಿಗೆ ಅಮೆರಿಕದಲ್ಲಿ ಒಂದು ಯಂತ್ರ ಸಿದ್ಧವಾಗುತ್ತಿತ್ತು. ನ್ಯೂಯಾರ್ಕ್ ರಾಜ್ಯದ ಆಬರ್ನ್ ಪಟ್ಟಣದ ಆಭರಣ ವ್ಯಾಪಾರಿ ವಿಲ್ಲರ್ಡ್ ಬಂಡಿ 1888ರಲ್ಲಿ ಹಾಜರಿ ಗಡಿಯಾರವೊಂದನ್ನು ರೂಪಿಸಿದ. ಪ್ರತಿ ಕೆಲಸಗಾರನಿಗೂ ಒಂದು ನಂಬರಿನ ಬೀಗದ ಕೈ. ಅದನ್ನು ಗಡಿಯಾರಕ್ಕೆ ತೂರಿಸಿ ತಿರುಗಿಸಿದರೆ ನಂಬರೂ ವೇಳೆಯೂ ಕಾಗದದ ಮೇಲೆ ಅಚ್ಚಾಗುತ್ತಿದ್ದವು. ಮರುವರ್ಷವೇ ಅವನ ಸೋದರ ಹಾರ್ಲೋ ಬಂಡಿ ಇದನ್ನು ತಯಾರಿಸುವ ಕಂಪೆನಿ ಕಟ್ಟಿದ. ಅದು ಇನ್ನಿತರ ಗಡಿಯಾರ ಕಂಪೆನಿಗಳ ಜೊತೆ ಸೇರುತ್ತ, 1911ರಲ್ಲಿ ಮತ್ತೊಂದು ದೊಡ್ಡ ಕೂಟದಲ್ಲಿ ಲೀನವಾಗಿ, 1924ರಲ್ಲಿ ಹೊಸ ಹೆಸರು ಪಡೆಯಿತು. ಆ ಹೆಸರೇ ಇಂಟರ್‌ನ್ಯಾಷನಲ್ ಬಿಸಿನೆಸ್ ಮೆಷೀನ್ಸ್, ಅಂದರೆ ಐಬಿಎಂ. ಜಗತ್ತಿಗೆ ಗಣಕಯಂತ್ರ ಕೊಟ್ಟ ಕಂಪೆನಿಯ ಬೇರುಗಳಲ್ಲಿ ಒಂದು ನೌಕರರ ಹಾಜರಿ ಗಡಿಯಾರ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಆ ಗಡಿಯಾರದ ವ್ಯಾಪಾರವನ್ನು ಐಬಿಎಂ 1958ರಲ್ಲಿ ಮಾರಿಬಿಟ್ಟಿತು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ.

ಬೆರಳಚ್ಚಿಗೆ ಎದುರು ನಿಂತ ಗಣಿ ಕಾರ್ಮಿಕರು

ಬಿಲ್ಲೆ, ಬೀಗದ ಕೈಗಳಿಗೆ ಒಂದು ದೌರ್ಬಲ್ಯವಿತ್ತು. ಒಬ್ಬನ ಬಿಲ್ಲೆಯನ್ನು ಇನ್ನೊಬ್ಬ ಹಾಕಬಹುದಿತ್ತು. ಹಾಗಾಗಿ ಮಾಲೀಕರ ಕಣ್ಣು ಕೆಲಸಗಾರನ ದೇಹದ ಮೇಲೆಯೇ ಬಿತ್ತು. ಬೆರಳಚ್ಚನ್ನು ಗುರುತಾಗಿ ಬಳಸುವ ಪದ್ಧತಿ ಬೆಳೆದದ್ದೇ ನಮ್ಮ ದೇಶದಲ್ಲಿ. ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ 1858ರಲ್ಲಿ ಗುತ್ತಿಗೆದಾರನೊಬ್ಬನಿಂದ ಕರಾರು ಪತ್ರದ ಮೇಲೆ ಕೈಯಚ್ಚು ಹಾಕಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಅದರ ಮುಖ್ಯ ಬಳಕೆ ಅಪರಾಧಿಗಳ ಗುರುತಿಗೆ.

ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಯನ್ನು ಆಗ ನಡೆಸುತ್ತಿದ್ದುದು ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್. ಚಿನ್ನ ಕಳವಿನ ಭಯದಿಂದ ಅಲ್ಲಿ ಕಾರ್ಮಿಕರ ಮೇಲೆ ಕಾವಲು ಬಲವಾಗಿತ್ತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಏರ್ಪಾಡು ಬಂದಾಗ ಸಾವಿರಾರು ಜನ ಗಣಿಗೆ ಇಳಿಯಲು ನಿರಾಕರಿಸಿ ಮುಷ್ಕರ ಹೂಡಿದರು. ಗಟ್ಟಿಯಾದ ಸಂಘಟನೆಯಾಗಲಿ ನಾಯಕತ್ವವಾಗಲಿ ಇಲ್ಲದ ದಿನಗಳವು. ಆದರೂ ಕಳ್ಳರಿಗೆ ಮಾಡುವುದನ್ನು ತಮಗೂ ಮಾಡುವುದು ಅವಮಾನ ಎಂಬ ಭಾವನೆ ಅವರನ್ನು ಒಂದುಗೂಡಿಸಿತು.

ಕರ್ನಾಟಕದ ಕಾರ್ಮಿಕ ಚರಿತ್ರೆಯಲ್ಲಿ ಕೂಲಿಗಾಗಿ ನಡೆದ ಹೋರಾಟಗಳು ಬಹಳ. ನೋಂದಣಿಯ ವಿಧಾನಕ್ಕೇ ಎದುರಾಗಿ ನಡೆದ ಹೋರಾಟ ಅಪರೂಪ. ಗಣಿ 2001ರಲ್ಲಿ ಮುಚ್ಚಿಹೋಯಿತು. ಆದರೆ ಅಲ್ಲಿ ಕೇಳಿದ ಪ್ರಶ್ನೆ ಮುಚ್ಚಿಹೋಗಲಿಲ್ಲ. ಕೂಲಿ ಕೊಡುವವನು ಕೆಲಸದ ಗುರುತನ್ನು ಕೇಳಬಹುದು, ಸರಿ. ಎಲ್ಲಿಯವರೆಗೆ ಕೇಳಬಹುದು?

ಟಿಕೆಟ್ ಕಟ್ಟಿನಿಂದ ಯಂತ್ರಕ್ಕೆ

ಬಸ್ ಕಂಡಕ್ಟರನ ಕೈಯ ಸಲಕರಣೆಯ ಬದಲಾವಣೆಯಲ್ಲಿ ಈ ಚರಿತ್ರೆಯ ಇನ್ನೊಂದು ಅಧ್ಯಾಯವಿದೆ. ಮಧ್ಯವಯಸ್ಸು ದಾಟಿದ ಓದುಗರಿಗೆ ಹಳೆಯ ನೋಟ ನೆನಪಿರಬಹುದು. ಬೇರೆ ಬೇರೆ ಬೆಲೆಯ, ಬೇರೆ ಬೇರೆ ಬಣ್ಣದ ಟಿಕೆಟ್ ಕಟ್ಟುಗಳು, ತೂತು ಹಾಕುವ ಪಂಚು, ಚರ್ಮದ ಚೀಲ, ಹಂತ ಹಂತಕ್ಕೂ ಟಿಕೆಟ್ ಸಂಖ್ಯೆ ಬರೆಯಬೇಕಾದ ವೇ ಬಿಲ್. ತಪಾಸಣೆಯವರು ಹತ್ತಿದರೆ ಟಿಕೆಟ್ ಸಂಖ್ಯೆಗೂ ವೇ ಬಿಲ್ಲಿಗೂ ತಾಳೆ ಹಾಕುತ್ತಿದ್ದರು. 1997ರಲ್ಲಿ ಬೆಂಗಳೂರಿಗೆ ಪ್ರತ್ಯೇಕ ನಿಗಮವಾಗಿ ಬಿಎಂಟಿಸಿ ರೂಪುಗೊಂಡಾಗಲೂ ಇದೇ ಪದ್ಧತಿ.

2010ರ ದಶಕದಲ್ಲಿ ಎಲೆಕ್ಟ್ರಾನಿಕ್ ಟಿಕೆಟ್ ಯಂತ್ರ ವ್ಯಾಪಕವಾಯಿತು. ಟಿಕೆಟ್ ಎಷ್ಟು ಹೊತ್ತಿಗೆ, ಯಾವ ಹಂತದಲ್ಲಿ ಹರಿಯಿತು ಎಂಬುದೆಲ್ಲ ತಾನಾಗಿ ದಾಖಲಾಗತೊಡಗಿತು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದಾಗ ಮಹಿಳೆಯರಿಗೆ ಕೊಡುವ ಶೂನ್ಯ ದರದ ಟಿಕೆಟ್ಟಿನ ಲೆಕ್ಕವೂ ಈ ಯಂತ್ರದಿಂದಲೇ ಸಾಧ್ಯವಾಯಿತು. ಸರ್ಕಾರ ನಿಗಮಕ್ಕೆ ಎಷ್ಟು ಹಣ ತುಂಬಿಕೊಡಬೇಕು ಎಂಬುದಕ್ಕೆ ಆ ಲೆಕ್ಕವೇ ಆಧಾರ. ಯಂತ್ರದ ಪ್ರಯೋಜನವನ್ನು ಅಲ್ಲಗಳೆಯುವಂತಿಲ್ಲ. ಆದರೆ ಇದರ ಕೆಲಸ ಟಿಕೆಟ್ ಕೊಡುವುದಷ್ಟೇ. ಕಂಡಕ್ಟರನ ಮನೆಯ ಫೋಟೊ ಅದರಲ್ಲಿಲ್ಲ. ಪಾಳಿ ಮುಗಿದ ಮೇಲೆ ಅದು ಅವನನ್ನು ಹಿಂಬಾಲಿಸುವುದೂ ಇಲ್ಲ.

ಬ್ಲ್ಯಾಕ್‌ಬೆರಿಯ ದಿನಗಳು

ಕಚೇರಿ ಮನೆಯೊಳಗೆ ಕಾಲಿಟ್ಟದ್ದು ಮೊಬೈಲಿನ ಮೂಲಕ. ದೇಶದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯ ಸುಖ್‌ರಾಂ ಅವರೊಂದಿಗೆ ಮಾತನಾಡಿದಾಗ. ಆ ಕಾಲದಲ್ಲಿ ಬರುವ ಕರೆಗೂ ಹಣ ತೆರಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾದ ಮೇಲೆಯೇ ಮೊಬೈಲು ಸಾಮಾನ್ಯರ ಜೇಬಿಗಿಳಿದದ್ದು.

ಕೆನಡಾದ ರಿಸರ್ಚ್ ಇನ್ ಮೋಷನ್ ಕಂಪೆನಿ 1999ರಲ್ಲಿ ಬ್ಲ್ಯಾಕ್‌ಬೆರಿ ಎಂಬ ಸಾಧನವನ್ನು ತಂದಿತು. ಕಚೇರಿಯ ಅಂಚೆ ಜೇಬಿಗೇ ಬಂದು ಬೀಳುವ ಸೌಕರ್ಯ ಅದರದು. ಕಂಪೆನಿಯಲ್ಲಿ ಒಂದು ಸರ್ವರ್ ಇಟ್ಟು, ನೌಕರರ ಸಾಧನಗಳಿಗೆಲ್ಲ ಅಲ್ಲಿಂದಲೇ ನಿಯಮ ವಿಧಿಸುವುದು, ಕಳೆದುಹೋದರೆ ದೂರದಿಂದಲೇ ಒಳಗಿರುವುದನ್ನು ಅಳಿಸಿಹಾಕುವುದು ಅದರಿಂದ ಸಾಧ್ಯವಾಯಿತು. ಇಂದಿನ ಎಂಡಿಎಂನ ಪೂರ್ವಜ ಇದೇ ಎನ್ನಬಹುದು. 2004ರಲ್ಲಿ ಬ್ಲ್ಯಾಕ್‌ಬೆರಿ ಭಾರತಕ್ಕೆ ಬಂದಾಗ ಬೆಂಗಳೂರಿನ ಮೇಲಧಿಕಾರಿಗಳಿಗೆ ಅದು ಅಂತಸ್ತಿನ ಲಾಂಛನವಾಗಿತ್ತು. ಸೊಂಟಕ್ಕೆ ಸಿಕ್ಕಿಸಿದ ಆ ಪೆಟ್ಟಿಗೆ ರಾತ್ರಿ ಹನ್ನೊಂದಕ್ಕೂ ಮಿನುಗುತ್ತದೆ ಎಂದು ಮನೆಯವರು ಗೊಣಗತೊಡಗಿದ್ದೂ ಆಗಿನಿಂದಲೇ.

2007ರಲ್ಲಿ ಐಫೋನ್, ಅದರ ಬೆನ್ನಿಗೇ ಆಂಡ್ರಾಯ್ಡ್ ಫೋನುಗಳು ಬಂದವು. ನೌಕರರು ತಾವೇ ಕೊಂಡ ಫೋನಿನಲ್ಲಿ ಕಚೇರಿಯ ಅಂಚೆ ನೋಡಲು ಆಸೆಪಟ್ಟರು. ಕಂಪೆನಿಗಳಿಗೂ ಫೋನಿನ ಖರ್ಚು ಉಳಿಯಿತು. ಆದರೆ ಬೀಗದ ಕೈ ಯಾರ ಬಳಿ ಎಂಬ ಪ್ರಶ್ನೆ ಎದ್ದಿತು. 2010ರಲ್ಲಿ ಆ್ಯಪಲ್ ಮತ್ತು ಆಂಡ್ರಾಯ್ಡ್ ಎರಡೂ ಕಂಪೆನಿಗಳ ಹತೋಟಿಗೆ ಅವಕಾಶ ಕೊಡುವ ಬಾಗಿಲುಗಳನ್ನು ತಮ್ಮ ತಂತ್ರಾಂಶದಲ್ಲೇ ಇಟ್ಟವು. ಅಲ್ಲಿಂದ ಹೊಸ ಉದ್ಯಮವೊಂದು ಶುರುವಾಯಿತು.

ಬನ್ನೇರುಘಟ್ಟ ರಸ್ತೆಯ ನಂಟು

ಆ ಉದ್ಯಮಕ್ಕೂ ದಕ್ಷಿಣ ಬೆಂಗಳೂರಿಗೂ ಗಾಢವಾದ ನಂಟಿದೆ. 1948ರಲ್ಲಿ ರಾಜಗೋಪಾಲಾಚಾರಿ ಅವರು ಶಂಕುಸ್ಥಾಪನೆ ಮಾಡಿದ ಜಯನಗರ, ಜಯಪ್ರಕಾಶ ನಾರಾಯಣರ ಹೆಸರು ಹೊತ್ತ ಜೆ.ಪಿ. ನಗರ, ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ ಕೂಡಿಸಿಕೊಂಡ ಬಿಟಿಎಂ ಬಡಾವಣೆ, ಇವೆಲ್ಲ ನೆಮ್ಮದಿಯ ವಸತಿಗಾಗಿ ಹುಟ್ಟಿದವು. ಸಾಫ್ಟ್‌ವೇರ್ ಬಂದ ಮೇಲೆ ಇವುಗಳ ಅಂಚಿನಲ್ಲೇ ಗಾಜಿನ ಕಟ್ಟಡಗಳು ಎದ್ದವು.

ವಿದೇಶಿ ವಿನಿಮಯ ಕಾಯಿದೆಯ ನಿಬಂಧನೆಗೆ ಒಪ್ಪದೆ 1978ರಲ್ಲಿ ಭಾರತ ಬಿಟ್ಟುಹೋಗಿದ್ದ ಐಬಿಎಂ, 1992ರಲ್ಲಿ ಟಾಟಾ ಸಂಸ್ಥೆಯ ಜೊತೆಗೂಡಿ ಮರಳಿ ಬಂದು ನೆಲೆ ನಿಂತದ್ದು ಬೆಂಗಳೂರಿನಲ್ಲಿ. ಬನ್ನೇರುಘಟ್ಟ ರಸ್ತೆಯ ಸುಬ್ರಹ್ಮಣ್ಯ ಆರ್ಕೇಡ್ ಬಹುಕಾಲ ಅದರ ವಿಳಾಸವಾಗಿತ್ತು. ಇದೇ ಐಬಿಎಂ 2013ರಲ್ಲಿ ಫೈಬರ್‌ಲಿಂಕ್ ಎಂಬ ಕಂಪೆನಿಯನ್ನು ಕೊಂಡು, ಅದರ ‘ಮಾಸ್360’ ಎಂಬ ಮೊಬೈಲ್ ನಿರ್ವಹಣೆಯ ತಂತ್ರಾಂಶವನ್ನು ತನ್ನದಾಗಿಸಿಕೊಂಡಿತು. ಹಾಜರಿ ಗಡಿಯಾರ ಮಾರಿದ 55 ವರ್ಷಗಳ ನಂತರ ಅದರ ಮೊಮ್ಮಗನನ್ನು ಮನೆಗೆ ಕರೆತಂದಂತಾಯಿತು.

ಅಟ್ಲಾಂಟಾದಲ್ಲಿ 2003ರಲ್ಲಿ ಆರಂಭವಾದ ಏರ್‌ವಾಚ್ ಈ ಕ್ಷೇತ್ರದ ಇನ್ನೊಂದು ದೊಡ್ಡ ಹೆಸರು. 2014ರಲ್ಲಿ ವಿಎಂವೇರ್ ಅದನ್ನು ಸುಮಾರು 150 ಕೋಟಿ ಡಾಲರಿಗೆ ಕೊಂಡಿತು. ವಿಎಂವೇರ್‌ನ ದೊಡ್ಡ ಕಚೇರಿ ಇದ್ದದ್ದು ಜೆ.ಪಿ. ನಗರದ ಕಲ್ಯಾಣಿ ವಿಸ್ಟಾ ಕಟ್ಟಡದಲ್ಲಿ. 2023ರಲ್ಲಿ ಬ್ರಾಡ್‌ಕಾಮ್ ಕಂಪೆನಿ ವಿಎಂವೇರನ್ನೇ ಕೊಂಡ ಮೇಲೆ, ಈ ವಿಭಾಗ 2024ರಲ್ಲಿ ಬೇರೆಯಾಗಿ ‘ಓಮ್ನಿಸ್ಸಾ’ ಎಂಬ ಹೆಸರು ಪಡೆಯಿತು.

ಇವೆಲ್ಲ ಹೊರಗಿನವರ ಕತೆಯಾಯಿತು. ಇಲ್ಲೇ ಹುಟ್ಟಿ ಬೆಳೆದದ್ದೂ ಇದೆ. ಓಂಕಾರ್ ಸಿಂಗ್ ಮತ್ತು ಪ್ರಕಾಶ್ ಗುಪ್ತಾ 2009ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘42ಗೇರ್ಸ್’ ಕಂಪೆನಿಯ ಕಚೇರಿ ಹೊಸೂರು ರಸ್ತೆಯ ಹೊಂಗಸಂದ್ರದಲ್ಲಿ ಬೆಳೆಯಿತು. ಬಿಟಿಎಂ ಬಡಾವಣೆಯಿಂದ ಕೂಗಳತೆಯ ದೂರ. ಅದರ ‘ಶ್ಯೂರ್‌ಲಾಕ್’ ತಂತ್ರಾಂಶ ಸಾಧನಕ್ಕೆ ಒಂದು ಬೇಲಿ ಹಾಕುತ್ತದೆ. ಉಗ್ರಾಣದ ಕೆಲಸಗಾರನಿಗೆ ಕೊಟ್ಟ ಫೋನಿನಲ್ಲಿ ಉಗ್ರಾಣದ ಲೆಕ್ಕ ಮಾತ್ರ ತೆರೆಯಬೇಕು, ಸಿನಿಮಾ ಹಾಡು ತೆರೆಯಬಾರದು ಎಂದರೆ ಇಂಥ ತಂತ್ರಾಂಶ ಬೇಕು. ‘ಶ್ಯೂರ್‌ಎಂಡಿಎಂ’ ಅಂಥ ಅನೇಕ ಸಾಧನಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುತ್ತದೆ.

ನೋಂದಣಿ ಎಂದರೆ ಏನಾಗುತ್ತದೆ?

ಇದರ ಕಾರ್ಯವಿಧಾನ ತೀರಾ ನಿಗೂಢವೇನಲ್ಲ. ಕಂಪೆನಿ ಹೊಸ ಫೋನು ಕೊಳ್ಳುವಾಗಲೇ ಮಾರಾಟಗಾರ ಅದರ ಕ್ರಮಸಂಖ್ಯೆಯನ್ನು ಕಂಪೆನಿಯ ಖಾತೆಗೆ ಸೇರಿಸುತ್ತಾನೆ. ಪೆಟ್ಟಿಗೆ ಬಿಚ್ಚಿ ಮೊದಲ ಸಲ ಚಾಲೂ ಮಾಡಿದಾಗ ಫೋನು ಆ್ಯಪಲ್ ಅಥವಾ ಗೂಗಲ್‌ನ ಸರ್ವರನ್ನು ‘ನಾನು ಯಾರವನು?’ ಎಂದು ಕೇಳುತ್ತದೆ. ‘ಇಂಥ ಕಂಪೆನಿಯವನು’ ಎಂಬ ಉತ್ತರ ಬಂದೊಡನೆ ಆ ಕಂಪೆನಿಯ ನಿಯಮಗಳನ್ನು ತಾನಾಗಿ ಎಳೆದುಕೊಳ್ಳುತ್ತದೆ. ಈಗಾಗಲೇ ಬಳಕೆಯಲ್ಲಿರುವ ಸ್ವಂತ ಫೋನಾದರೆ ನೌಕರ ತಾನೇ ಒಂದು ಆ್ಯಪ್ ಹಾಕಿಕೊಂಡೋ, ಚೌಕಟ್ಟಿನ ಸಂಕೇತವೊಂದನ್ನು ಕ್ಯಾಮೆರಾದಲ್ಲಿ ಹಿಡಿದೋ ನೋಂದಾಯಿಸಿಕೊಳ್ಳಬೇಕು.

ನೋಂದಣಿಯ ಹೊತ್ತಿಗೆ ಫೋನಿಗೆ ಒಂದು ಗುರುತಿನ ಪ್ರಮಾಣಪತ್ರ ಸಿಗುತ್ತದೆ. ಬಂಡಿಯ ಗಡಿಯಾರದ ನಂಬರಿನ ಬೀಗದ ಕೈ ಎಂದರೆ ಈಗ ಇದೇ. ಮುಂದೆ ಸರ್ವರು ಆಗಾಗ ಫೋನಿಗೆ ಒಂದು ಕರೆ ಕಳಿಸುತ್ತದೆ. ಫೋನು ಎಚ್ಚೆತ್ತು ‘ಏನಪ್ಪಣೆ?’ ಎನ್ನುತ್ತದೆ. ಆರಂಕಿಯ ಗುಪ್ತಸಂಖ್ಯೆ ಇರಬೇಕು, ಈ ಆ್ಯಪ್ ಹಾಕು, ಆ ಆ್ಯಪ್ ತೆಗೆ, ಕ್ಯಾಮೆರಾ ಮುಚ್ಚು, ಬೀಗ ಹಾಕು, ಎಲ್ಲವನ್ನೂ ಅಳಿಸು, ಇವೇ ಅಪ್ಪಣೆಗಳು. ಫೋನನ್ನು ಮೂಲಸ್ಥಿತಿಗೆ ತಂದರೂ ಬಿಡುಗಡೆಯಿಲ್ಲ. ಕ್ರಮಸಂಖ್ಯೆ ಕಂಪೆನಿಯ ಖಾತೆಯಲ್ಲಿರುವವರೆಗೆ ಅದು ಮತ್ತೆ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಹಳೆಯ ಫೋನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ಬಂದು, ಯಾವುದೋ ಸಂಸ್ಥೆಯ ಹೆಸರು ತೆರೆಯ ಮೇಲೆ ಮೂಡಿದಾಗ ಕಕ್ಕಾಬಿಕ್ಕಿಯಾಗುವವರಿಗೆ ಕಾರಣ ಇದು. ಸಾಲದ ಮೇಲೆ ಕೊಂಡ ಫೋನಿಗೆ ಕಂತು ತಪ್ಪಿದರೆ ಬೀಗ ಬೀಳುವಂತೆ ಮಾಡುವುದಕ್ಕೂ ಇಂಥದ್ದೇ ತಂತ್ರ ಬಳಕೆಯಾಗುತ್ತದೆ.

ಕಂಪೆನಿಗಳ ಕಡೆಗೂ ನ್ಯಾಯವಿದೆ ಎಂಬುದನ್ನು ಮರೆಯಬಾರದು. ಆಟೊದಲ್ಲಿ ಬಿಟ್ಟುಹೋದ ಒಂದು ಫೋನಿನಲ್ಲಿ ಸಾವಿರಾರು ಗ್ರಾಹಕರ ಬ್ಯಾಂಕ್ ವಿವರವೋ ರೋಗಿಗಳ ಪರೀಕ್ಷಾ ವರದಿಯೋ ಇರಬಹುದು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಲಾಕ್‌ಡೌನ್ ಆದಾಗ ಬೆಂಗಳೂರಿನ ಕಂಪೆನಿಗಳು ಗಣಕಗಳನ್ನು ನೌಕರರ ಮನೆಗೇ ಕಳಿಸಿದವು. ಬನಶಂಕರಿಯ ಊಟದ ಮೇಜು, ಊರಿನ ಜಗಲಿ, ಎಲ್ಲವೂ ಕಚೇರಿಯಾದವು. ಗೇಟೂ ಇಲ್ಲ, ಕಾವಲುಗಾರನೂ ಇಲ್ಲ. ದೂರದಿಂದ ನಿರ್ವಹಿಸುವ ವ್ಯವಸ್ಥೆ ಇಲ್ಲದಿದ್ದರೆ ಆ ಎರಡು ವರ್ಷ ಕೆಲಸ ಸಾಗುವುದೇ ಕಷ್ಟವಿತ್ತು.

ಅಳಿಸಿಹೋದ ಚಿತ್ರಗಳು

ಈ ವಿಷಯ ನನ್ನ ಗಮನಕ್ಕೆ ಬಂದದ್ದು ತಂತ್ರಜ್ಞಾನದ ಕುತೂಹಲದಿಂದಲ್ಲ. ಬಿಟಿಎಂ ಬಡಾವಣೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮೇಲಂತಸ್ತಿನಲ್ಲಿ ಇದ್ದ ಗೆಳೆಯನೊಬ್ಬ ಒಂದು ಶುಕ್ರವಾರ ಸಂಜೆ ಕೆಲಸ ಬಿಟ್ಟ. ಅವನು ತನ್ನ ಸ್ವಂತ ಫೋನನ್ನೇ ಕಂಪೆನಿಯ ವ್ಯವಸ್ಥೆಗೆ ಸೇರಿಸಿದ್ದ. ಖಾತೆ ಮುಚ್ಚುವಾಗ ಯಾರೋ ಅಳಿಸುವ ಅಪ್ಪಣೆ ಕೊಟ್ಟರು. ಕಚೇರಿಯ ಅಂಚೆಯ ಜೊತೆಗೆ ಫೋನಿನಲ್ಲಿದ್ದುದೆಲ್ಲವೂ ಹೋಯಿತು. ಹಿಂದಿನ ವರ್ಷ ತೀರಿಕೊಂಡಿದ್ದ ಅವನ ತಂದೆಯ ಕೊನೆಯ ದಿನಗಳ ಚಿತ್ರಗಳು, ಧ್ವನಿ ಸಂದೇಶಗಳು ಅದರಲ್ಲಿದ್ದವು. ಬೇರೆಡೆ ಪ್ರತಿ ಇಟ್ಟಿರಲಿಲ್ಲ. ಕಂಪೆನಿಯವರು ವಿಷಾದ ಸೂಚಿಸಿದರು. ನೀವೇ ಒಪ್ಪಿಗೆ ಒತ್ತಿದ್ದಿರಲ್ಲ ಎಂದೂ ನೆನಪಿಸಿದರು. ಅವನು ಒತ್ತಿದ್ದು ನಿಜ.

ದುರಂತವೆಂದರೆ ಇದು ತಪ್ಪಿಸಬಹುದಾಗಿದ್ದ ನಷ್ಟ. ಸ್ವಂತ ಫೋನಿನೊಳಗೆ ಕಚೇರಿಗೆ ಮಾತ್ರ ಒಂದು ಪ್ರತ್ಯೇಕ ಕೋಣೆ ಕಟ್ಟುವ ವಿಧಾನ ಆಂಡ್ರಾಯ್ಡ್‌ನಲ್ಲಿ 2015ರಿಂದ ಇದೆ. ಆ ಕೋಣೆಯ ಆ್ಯಪ್‌ಗಳ ಮೇಲೆ ಪುಟ್ಟ ಪೆಟ್ಟಿಗೆಯ ಚಿತ್ರ ಇರುತ್ತದೆ. ಕಂಪೆನಿ ಆ ಕೋಣೆಯನ್ನು ಮಾತ್ರ ನೋಡಬಹುದು, ಖಾಲಿ ಮಾಡಬಹುದು. ಆಚೆಯ ಫೋಟೊ, ಸಂದೇಶಗಳು ಅದಕ್ಕೆ ಕಾಣುವುದಿಲ್ಲ. ಸಂಜೆ ಆ ಕೋಣೆಯನ್ನು ನೌಕರನೇ ಆರಿಸಿಡಲೂ ಬಹುದು. ಐಫೋನಿನಲ್ಲೂ ಸ್ವಂತ ಫೋನುಗಳಿಗೆ ಇಂಥದೇ ನೋಂದಣಿ 2019ರಲ್ಲಿ ಬಂದಿತು. ಕಂಪೆನಿಯೇ ಕೊಟ್ಟು ಪೂರ್ತಿ ತನ್ನ ಹತೋಟಿಯಲ್ಲಿಟ್ಟ ಫೋನಿನಲ್ಲಾದರೋ, ಯಾವ ಯಾವ ಆ್ಯಪ್ ಇದೆ ಎಂಬುದು ತಿಳಿಯುತ್ತದೆ, ವ್ಯವಸ್ಥೆ ಅನುಮತಿಸಿದಲ್ಲಿ ಫೋನು ಎಲ್ಲಿದೆ ಎಂಬುದೂ ತಿಳಿಯುತ್ತದೆ. ಗೋಡೆ ಕಟ್ಟುವ ತಂತ್ರ ಇದೆ. ಎಲ್ಲಿ ಕಟ್ಟಬೇಕು ಎಂಬ ತೀರ್ಮಾನ ಮಾತ್ರ ನೌಕರನದಲ್ಲ.

ಅಂಗನವಾಡಿಯ ಫೋನು, ಮನೆಬಾಗಿಲಿನ ಹುಡುಗ

ಇದು ಗಾಜಿನ ಕಟ್ಟಡಗಳವರಿಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ. 2018ರ ಮಾರ್ಚ್ 8ರಂದು ಕೇಂದ್ರ ಸರ್ಕಾರ ಆರಂಭಿಸಿದ ಪೋಷಣ್ ಅಭಿಯಾನದಲ್ಲಿ ಮಕ್ಕಳ ತೂಕ, ಊಟದ ಲೆಕ್ಕ ಬರೆಯಲು ಅಂಗನವಾಡಿ ಕಾರ್ಯಕರ್ತೆಯರಿಗೆ ಸ್ಮಾರ್ಟ್‌ಫೋನು ಕೊಡುವ ಯೋಜನೆಯಿತ್ತು. ಬೇರೆ ಬಳಕೆಗೆ ಹೋಗದಂತೆ ಅವುಗಳಿಗೂ ಎಂಡಿಎಂ ಬೇಲಿ ಹಾಕಲಾಯಿತು. ರಿಜಿಸ್ಟರುಗಳ ಹೊರೆ ಕಡಿಮೆಯಾಗುತ್ತದೆ ಎಂಬುದು ಭರವಸೆ. ಆದರೆ 2021ರಲ್ಲಿ ನೆರೆಯ ಮಹಾರಾಷ್ಟ್ರದ ಕಾರ್ಯಕರ್ತೆಯರು ಫೋನು ಕೆಟ್ಟುಹೋಗುತ್ತದೆ, ದುರಸ್ತಿಯ ಖರ್ಚು ತಮ್ಮ ತಲೆಗೇ ಬರುತ್ತದೆ, ಆ್ಯಪ್ ತಮ್ಮ ಭಾಷೆಯಲ್ಲಿಲ್ಲ ಎಂದು ದೂರಿ ಸಾವಿರಾರು ಫೋನುಗಳನ್ನು ಸರ್ಕಾರಕ್ಕೆ ಹಿಂದಿರುಗಿಸಿದರು. ಕೋಲಾರದ 1930ರ ಘಟನೆ ಬಲ್ಲವರಿಗೆ ಇದು ಅಪರಿಚಿತವೆನಿಸಲಿಕ್ಕಿಲ್ಲ.

ಊಟ ತಂದುಕೊಡುವ ಹುಡುಗನ ಪರಿಸ್ಥಿತಿ ಇನ್ನೂ ವಿಚಿತ್ರ. ಫೋನು ಅವನದು, ಕಂತು ಅವನದು, ಡೇಟಾ ಖರ್ಚೂ ಅವನದು. ಆದರೆ ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿನಲ್ಲಿ ಎಂದು ಹೇಳುವುದು ಕಂಪೆನಿಯ ಆ್ಯಪ್. ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ತಂದ ಕಾಯಿದೆ ಕಲ್ಯಾಣ ಮಂಡಳಿಯ ಜೊತೆಗೆ ಇನ್ನೊಂದು ಸಂಗತಿಯನ್ನೂ ಒಳಗೊಂಡಿದೆ. ಸ್ವಯಂಚಾಲಿತ ನಿಗಾ ಮತ್ತು ತೀರ್ಮಾನದ ವ್ಯವಸ್ಥೆಗಳ ಬಗ್ಗೆ ಕಾರ್ಮಿಕನಿಗೆ ಮಾಹಿತಿ ಕೊಡಬೇಕು ಎಂಬುದೇ ಅದು. ನೋಡುವವರು ನೋಡಿಸಿಕೊಳ್ಳುವವರಿಗೆ ಲೆಕ್ಕ ಹೇಳಬೇಕು ಎಂಬ ಮಾತು ಕಾಯಿದೆಯ ಪುಸ್ತಕಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ.

ಒಬ್ಬ ನಿವೃತ್ತ ನ್ಯಾಯಮೂರ್ತಿಯ ಪ್ರಶ್ನೆ

ಖಾಸಗಿತನದ ಚರ್ಚೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆಗ ಅವರ ವಯಸ್ಸು ಎಂಬತ್ತನ್ನು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ದೇಶದ ಕಾನೂನು ವಿದ್ಯಾರ್ಥಿಗಳ ಬಾಯಲ್ಲಿ ಉಳಿದಿದೆ.

ಆದರೆ ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಎದುರಿನ ಗುರಾಣಿ. ಖಾಸಗಿ ಕಂಪೆನಿಯ ಎದುರು ನಿಲ್ಲಲು ಬೇರೆ ಶಾಸನ ಬೇಕು. ಅದಕ್ಕೆಂದು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಮುಖ್ಯ ಬಾಧ್ಯತೆಗಳು ಹದಿನೆಂಟು ತಿಂಗಳ ನಂತರ ಜಾರಿಯಾಗಬೇಕೆಂದು ಅವಧಿ ಕೊಡಲಾಯಿತು. ಒಬ್ಬರ ವಿವರ ಬಳಸಲು ಅವರ ಒಪ್ಪಿಗೆ ಬೇಕೆಂಬುದು ಈ ಕಾಯಿದೆಯ ಸಾಮಾನ್ಯ ತತ್ವ. ಆದರೆ ಒಂದು ವಿನಾಯಿತಿ ಇದೆ. ಉದ್ಯೋಗದ ಉದ್ದೇಶಕ್ಕೆ, ಮಾಲೀಕನನ್ನು ನಷ್ಟದಿಂದ ಅಥವಾ ಹೊಣೆಯಿಂ‌ದ ಕಾಪಾಡುವ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆಯೂ ನೌಕರನ ವಿವರ ಬಳಸಬಹುದು. ಬಾಗಿಲು ಎಷ್ಟು ಅಗಲ ಎಂಬುದು ಮುಂದೆ ನ್ಯಾಯಾಲಯಗಳಲ್ಲಿ ಇತ್ಯರ್ಥವಾಗಬೇಕಾದ ಸಂಗತಿ.

ಅಲ್ಲಿಯವರೆಗೆ ನೌಕರನಿಗೆ ಉಳಿದ ದಾರಿ ಕೇಳುವುದೊಂದೇ. ಈ ನೋಂದಣಿ ಇಡೀ ಫೋನಿಗೋ, ಕಚೇರಿಯ ಕೋಣೆಗೆ ಮಾತ್ರವೋ? ನಾನು ಎಲ್ಲಿದ್ದೇನೆಂಬುದು ಕಾಣುತ್ತದೆಯೇ? ಕೆಲಸ ಬಿಟ್ಟಾಗ ಏನನ್ನು ಅಳಿಸುತ್ತೀರಿ? ಅಪ್ಪಣೆ ಕೊಡುವವರು ಯಾರು? ಒಪ್ಪಿಗೆ ಒತ್ತುವ ಮುನ್ನ ಈ ನಾಲ್ಕು ಪ್ರಶ್ನೆ ಕೇಳಿದರೆ ಯಾವ ಪ್ರಾಮಾಣಿಕ ಸಂಸ್ಥೆಯೂ ಬೇಸರಪಡಬೇಕಾಗಿಲ್ಲ. ಮನೆಯ ಫೋಟೊಗಳ ಪ್ರತಿಯನ್ನು ಬೇರೊಂದು ಕಡೆ ಇಡುವುದಂತೂ ನಮ್ಮ ಕೈಯಲ್ಲೇ ಇದೆ.

ಸಂಜೆ ಏಳು ಗಂಟೆ. ಕಂಡಕ್ಟರ್ ಡಿಪೋದಲ್ಲಿ ಯಂತ್ರ ಒಪ್ಪಿಸಿ ಸಹಿ ಹಾಕುತ್ತಾರೆ. ಅವರ ದಿನ ಮುಗಿಯಿತು. ಗಿರಣಿಯ ಕೆಲಸಗಾರನೂ ಒಂದು ಕಾಲದಲ್ಲಿ ತನ್ನ ಬಿಲ್ಲೆಯನ್ನು ಹಲಗೆಗೆ ತೂಗುಹಾಕಿ ಹೀಗೆಯೇ ಹೊರಡುತ್ತಿದ್ದ. ಜೆ.ಪಿ. ನಗರದ ಬಸ್ ನಿಲ್ದಾಣದಲ್ಲಿ ನಿಂತ ಯುವಕನ ಎರಡನೇ ಫೋನು ಮಾತ್ರ ಮತ್ತೊಮ್ಮೆ ಮಿನುಗುತ್ತದೆ. ಅದನ್ನು ತೂಗುಹಾಕಲು ಅವನಿಗೆ ಹಲಗೆ ಇಲ್ಲ.